ಊರಿನ ಕುರ್ಚಿ

ನಾನು ಸಿಂದಗಿಯಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಇಂಡಿ. ಕೆಲಸದ ಮೊದಲ ವರ್ಷಗಳು ತಾಂಬಾದಲ್ಲಿ ಕಳೆದವು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರು ಇದನ್ನು ಎದುರಿಗೇ ಹೇಳುತ್ತಾರೆ, ಮಕ್ಕಳು ಬೆನ್ನ ಹಿಂದೆ ಹೇಳುತ್ತಾರೆ. ಅದು ನೆತ್ತಿಗೇರುವುದು ಹೆಚ್ಚಾಗಿ ಪ್ರಬಂಧ ತಿದ್ದುವಾಗ. 'ಚಿಕ್ಕಂದಿನಿಂದಲೂ ನನಗೆ ಸಮಾಜ ಸೇವೆ ಮಾಡುವ ಆಸೆ' ಎಂಬ ವಾಕ್ಯವನ್ನು ಎಷ್ಟು ಜನರ ಕೈಬರಹದಲ್ಲಿ ಓದಿದ್ದೇನೋ ದೇವರಿಗೇ ಗೊತ್ತು.

ಹೋದ ವರ್ಷ ಆ ಹುಡುಗಿಯೂ ಅದೇ ವಾಕ್ಯದಿಂದ ಶುರುಮಾಡಿದ್ದಳು. ಮೋರಟಗಿ ಕಡೆಯ ಒಂದು ಊರಿನವಳು. ಊರಿನ ಹೆಸರು ನಾನು ಹೇಳುವುದಿಲ್ಲ. ಊರ ಹೊರಗಿನ ಕೇರಿ, ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅಪ್ಪ ಗೌಂಡಿ. ಸುತ್ತಲಿನ ಊರುಗಳಲ್ಲಿ ಅವರು ಕಟ್ಟಿದ ಗೋಡೆಗಳು ಬಹಳ ಇವೆ. ಹುಡುಗಿಗೆ ವಕೀಲಿ ಓದಬೇಕಿತ್ತು. ದೂರದ ಊರಿನ ಒಂದು ದೊಡ್ಡ ಕಾಲೇಜು ಅಂಥ ಮನೆಗಳ ಕೆಲವೇ ಮಕ್ಕಳನ್ನು ಆರಿಸಿ, ಊಟ ವಸತಿ ಸಮೇತ ಪುಕ್ಕಟೆಯಾಗಿ ಓದಿಸುತ್ತಿತ್ತು. ಅಂಕ ಒಂದೇ ಸಾಲದು, ತನ್ನ ಬಗ್ಗೆ ತಾನೇ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕು. ಅದು ಅವರ ಕಣ್ಣಿಗೆ ಬೀಳಬೇಕು. ಬಿದ್ದರೆ ವಕೀಲಿ, ಇಲ್ಲವಾದರೆ ಸಿಂದಗಿಯಲ್ಲೇ ಒಂದು ಡಿಗ್ರಿ, ಅದರ ನಡುವೆಯೇ ಮದುವೆ. ಅವಳ ಅಕ್ಕನಿಗೆ ಆದದ್ದು ಅದೇ.

ಅವಳ ಮೊದಲ ಬರಹ ಓದಿ ನಾನು ಉದ್ದಕ್ಕೂ ಕೆಂಪು ಗೀಟು ಎಳೆದೆ. ಇದನ್ನು ಬರೆದದ್ದು ನೀನೋ ಗೈಡೋ ಎಂದು ಕೇಳಿದೆ. ಎರಡನೆಯದರಲ್ಲಿ ಮರ ನೆಡುವ ವಿಚಾರ ಬಂತು. ಮೂರನೆಯದರಲ್ಲಿ ಹೆಣ್ಣುಮಕ್ಕಳ ಶಿಕ್ಷಣ. ಎಲ್ಲವೂ ಸರಿಯಾಗಿಯೇ ಇದ್ದವು, ಒಂದರಲ್ಲೂ ಅವಳು ಇರಲಿಲ್ಲ. ಬೈಸಿಕೊಂಡರೆ ಅಳುವಂಥ ಹುಡುಗಿಯಲ್ಲ ಅವಳು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿ, ಮತ್ತೆ ಬರೆದು ತರ್ತೇನಿ ಎಂದು ಹೋಗುತ್ತಿದ್ದಳು.

ರವಿವಾರಗಳಲ್ಲಿ ಅವಳು ನನ್ನ ಮನೆಗೆ ಬರುತ್ತಿದ್ದಳು, ಅಪ್ಪನ ಜೊತೆ ಬಸ್ಸಿನಲ್ಲಿ. ಅಪ್ಪ ಬಾಗಿಲಲ್ಲಿ ನಮಸ್ಕಾರ ಮಾಡಿ ಪೇಟೆಯ ಕಡೆ ನಡೆಯುತ್ತಿದ್ದರು. ಒಂದು ರವಿವಾರ ಮಾತಿಗೆ ಮಾತು ಬಂದು, ನಿಮ್ಮ ಅಪ್ಪಗ ಪ್ರತಿ ವಾರ ಸಿಂದಗಿಯಲ್ಲಿ ಏನು ಸಂತಿ ಕೆಲಸ ಇರುತ್ತದೆ ಎಂದೆ.

"ಸಂತಿ ಅಲ್ರಿ ಮೇಡಂ, ದಾಡಿ ಮಾಡಿಸಾಕ ಬರ್ತಾನ್ರಿ."

ನಿಮ್ಮೂರಲ್ಲಿ ಕಟಿಂಗ್ ಅಂಗಡಿ ಇಲ್ಲವೇ ಎಂದು ಕೇಳಿದೆ.

"ಐತ್ರಿ. ನಮಗ ಮಾಡಂಗಿಲ್ರಿ."

ಎಕ್ಸ್‌ಪ್ರೆಸ್ ಬಸ್ಸು ನಮ್ಮೂರಿಗೆ ನಿಲ್ಲುವುದಿಲ್ಲ ಎಂದು ಹೇಳಿದಷ್ಟು ಸಲೀಸಾಗಿ ಹೇಳಿ, ಅವಳು ತನ್ನ ಹಾಳೆಗೆ ಮರಳಿದಳು.  ಈ ಸೀಮೆಯಲ್ಲಿ ಇಷ್ಟು ವರ್ಷ ಬದುಕಿದ್ದೇನೆ, ಯಾರ ಕ್ಷೌರ ಎಲ್ಲಿ ಆಗುತ್ತದೆ ಎಂದು ಯೋಚಿಸುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿದೆ. ಅಂಗಡಿಯ ಗೋಡೆಗೆ ಗಿಲಾವು ಮಾಡಿದವರು ಅವಳ ಅಪ್ಪನೇ. ಒಳಗೆ ಕನ್ನಡಿ ಕೂರಿಸಲು ಗೂಡು ಬಿಟ್ಟವರೂ ಅವರೇ. ಸಿಮೆಂಟು ಒಣಗಿ ಕುರ್ಚಿ ಒಳಗೆ ಬಂದ ದಿನದಿಂದ ಅವರು ಆ ಹೊಸ್ತಿಲು ದಾಟಿಲ್ಲ.

ಇದನ್ನೇ ಬರಿ ಎಂದೆ. ಇದರಲ್ಲಿ ಬರೆಯಲು ಏನಿದೆ ಎಂದು ಅವಳು ನಿಜವಾಗಿಯೂ ಗೊತ್ತಾಗದೆ ಕೇಳಿದಳು. 

ಬರೆದಳು. ಯಾರನ್ನೂ ಬೈಯಲಿಲ್ಲ, ದೊಡ್ಡ ಮಾತು ಒಂದೂ ಇರಲಿಲ್ಲ. ರವಿವಾರ ಬೆಳಿಗ್ಗೆ ಅಪ್ಪ ಬಸ್ಸಿಗೆ ಕಾಯುವುದು, ಬಸ್ ಸ್ಟ್ಯಾಂಡಿನ ಎದುರಿಗೇ, ಅಪ್ಪನೇ ಕಟ್ಟೆ ಕಟ್ಟಿ ಗಿಲಾವು ಮಾಡಿದ ಅಂಗಡಿಯಲ್ಲಿ ಊರಿನ ಬೇರೆಯವರು ದಾಡಿ ಮಾಡಿಸಿಕೊಳ್ಳುವುದು, ಅವರು ಕನ್ನಡಿಯಲ್ಲೇ ಅಪ್ಪನನ್ನು ಕಂಡು ಸಿಂದಗಿಗೇನೋ ಎಂದು ಕೇಳುವುದು, ಅಪ್ಪ ಹೌದ್ರಿ ಎನ್ನುವುದು. ಇಷ್ಟೇ. ನಾನು ಕೆಂಪು ಪೆನ್ನು ಹಿಡಿದು ಕೂತಿದ್ದೆ, ಎಲ್ಲೂ ಊರಲಿಲ್ಲ.

ಕಾಲೇಜಿನವರು ಇನ್ನೊಂದು ಬೇಡಿಕೆ ಇಟ್ಟಿದ್ದರು. ಹುಡುಗಿಯನ್ನೂ ಮನೆತನವನ್ನೂ ಬಲ್ಲ ಇಬ್ಬರ ಫೋನ್ ನಂಬರು ಕೊಡಬೇಕು. ಒಬ್ಬಳು ನಾನು. ಇನ್ನೊಬ್ಬರು ಯಾರೆಂದು ನಾನು ಕೇಳಲಿಲ್ಲ. ಅಪ್ಪ ತಮ್ಮೂರಿನ ಗೌಡರ ನಂಬರು ಬರೆಸಿದ್ದರು. ನಮ್ಮ ಕಡೆ ಬೇರೆ ಯಾರನ್ನು ಬರೆಸುತ್ತಾರೆ? ಬ್ಯಾಂಕಿಗೆ ಸಾಕ್ಷಿ ಬೇಕಾದರೂ ಗೌಡರು, ಆಸ್ಪತ್ರೆಗೆ ಚೀಟಿ ಬೇಕಾದರೂ ಗೌಡರು. ಹತ್ತನೆಯ ತರಗತಿಯಲ್ಲಿ ಊರಿಗೇ ಮೊದಲು ಬಂದಾಗ ಹುಡುಗಿಗೆ ಶಾಲು ಹೊದಿಸಿ ಗಡಿಯಾರ ಕೊಟ್ಟವರೂ ಅವರೇ. ದೂರದಲ್ಲಿ ಕೂತ ಕಾಲೇಜಿನವರಿಗೆ ಇದೆಲ್ಲ ಏನು ಗೊತ್ತು? ಹುಡುಗಿಯ ಪ್ರಬಂಧ ಮೆಚ್ಚಿಗೆಯಾಗಿದೆ, ಇದರಲ್ಲಿ ಇರುವುದು ನಿಜವೇ ತಿಳಿಸಿ ಎಂದು ಅದರ ಪ್ರತಿಯನ್ನೇ ಇಬ್ಬರಿಗೂ ಕಳಿಸಿದರು. ಗೌಡರ ಮೊಬೈಲಿಗೂ ಹೋಯಿತು.

ಗೌಡರು ನನ್ನ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಕೈಯಲ್ಲಿ ಒಂದು ಚೀಲ ಲಿಂಬೆಹಣ್ಣು, ತೋಟದ್ದಂತೆ. ಬಿಳಿ ಅಂಗಿ, ಮೆತ್ತನೆಯ ದನಿ. ಒದರುವ ಮನುಷ್ಯನಾಗಿದ್ದರೆ ನಾನೂ ಒದರುತ್ತಿದ್ದೆ, ಅದು ನನಗೆ ಬರುತ್ತದೆ. ಅವರು ಚಹ ಕುಡಿದರು, ಸಕ್ಕರೆ ಹದವಾಗಿದೆ ಎಂದರು. ಹುಡುಗಿ ಶ್ಯಾಣೆ ಇದ್ದಾಳೆ, ಊರಿಗೆ ಹೆಸರು ತರುತ್ತಾಳೆ ಎಂದರು. ಕಾಲೇಜಿನಿಂದ ಯಾರೋ ಊರನ್ನು ನೋಡಲು ಬರುತ್ತಾರಂತೆ, ಬರಲಿ, ಊಟದ ವ್ಯವಸ್ಥೆ ತಾನೇ ಮಾಡುತ್ತೇನೆ ಎಂದರು. ಅದಕ್ಕಿಂತ ಮೊದಲು ಹುಡುಗಿ ಒಂದು ಸಾಲು ಬರೆದು ಕಳಿಸಿದರೆ ಎಲ್ಲರಿಗೂ ಚೆಂದ: ಬರೆದದ್ದು ಕಥೆ, ಕಲ್ಪನೆ ಅಂತ.

ಹಾಗಾದರೆ ಅದು ಸುಳ್ಳೇ ಎಂದು ನಾನು ನೇರವಾಗಿ ಕೇಳಿದೆ.

"ಸುಳ್ಳು ಅಂತ ಯಾರ್ ಅಂದ್ರು ಮೇಡಂರ? ಇಷ್ಟ ವರ್ಷ ಯಾರೂ ಹೇಳಿರಲಿಲ್ಲ, ಅಷ್ಟ."

ಅವರು ನಕ್ಕೇ ಹೇಳಿದರು.  ಹೊರಡುವಾಗ ಹೊಸ್ತಿಲಲ್ಲಿ ನಿಂತು, ನಿಮ್ಮ ಇಂಡಿಯ ಮನೆಯಲ್ಲಿ ಈಗ ತಾಯಿಯವರು ಒಬ್ಬರೇ ಇರುತ್ತಾರಲ್ಲ, ಆರಾಮ ಇದ್ದಾರೆಯೇ ಎಂದು ವಿಚಾರಿಸಿದರು. ನನ್ನ ತಾಯಿಯ ವಿಷಯ ಅವರಿಗೆ ಯಾರು ಹೇಳಿದರು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಆ ವಾರದಿಂದ ಊರಿನಲ್ಲಿ ಏನೂ ಆಗಲಿಲ್ಲ. ಹುಡುಗಿ ಬಂದು ಹೇಳಿದ್ದೂ ಹಾಗೆಯೇ, ಏನೂ ಆಗಿಲ್ಲ ಮೇಡಂ ಎಂದು. ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಹರಿದಿದೆಯಂತೆ, ನಾಳೆ ಬರ್ರಿ ಎಂದರು. ಮರುದಿನ ಹೋದರೆ ಕರೆಂಟಿಲ್ಲ, ನಾಳೆ ಬರ್ರಿ. ಅಪ್ಪ ಅರ್ಧ ಎಬ್ಬಿಸಿದ ಗೋಡೆಯ ಮಾಲಕರು, ಸ್ವಲ್ಪ ದಿನ ತಡೀರಿ, ಮುಂದಿನ ವಾರ ನೋಡೋಣ ಎಂದರು. ಕಿರಾಣಿ ಅಂಗಡಿಯವನು ಎಣ್ಣೆ ಖಾಲಿಯಾಗಿದೆ ಎಂದ, ಡಬ್ಬಿ ಅವನ ಹಿಂದೆಯೇ ಇತ್ತು. ಬೈಗುಳವಿಲ್ಲ, ಜಗಳವಿಲ್ಲ. ಎಲ್ಲರೂ ನಗುತ್ತಲೇ ಮಾತಾಡುತ್ತಿದ್ದರು. ಅವಳ ತಾಯಿ ಗೋಧಿಯ ಚೀಲ ಹೊತ್ತು ಮೋರಟಗಿಯವರೆಗೆ ಹೋಗಿ ಬೀಸಿಸಿಕೊಂಡು ಬಂದರು. 

ನಾನು ಅವರ ಮನೆಗೆ ಹೋದೆ. ತಾಯಿಯ ಮಾತು ಸ್ಪಷ್ಟವಿತ್ತು: ಆ ಒಂದು ಸಾಲು ಬರೆದು ಕಳಿಸಿಬಿಡಲಿ, ಸಿಂದಗಿಯ ಡಿಗ್ರಿಯೇ ಸಾಕು, ನಾಳೆ ಬದುಕಬೇಕಾದದ್ದು ಇದೇ ಊರಲ್ಲಿ. ಹುಡುಗಿಯೂ ಸೋತಿದ್ದಳು. ಬರೆಯುತ್ತೇನೆ ಎಂದಳು. ನನಗೆ ಎರಡೂ ಕಡೆ ಸಿಟ್ಟು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹೆದರಿಕೆಯೇ ಹೆಚ್ಚು. ಆ ಸಾಲು ಬರೆದರೆ ಕಾಲೇಜಿನ ಬಾಗಿಲು ಮುಚ್ಚುತ್ತದೆ, ಸುಳ್ಳು ಬರೆದವಳೆಂಬ ಹೆಸರೂ ಅಂಟುತ್ತದೆ ಎಂದು ಹೇಳಿದೆ. 

ಅಪ್ಪ ಮೂಲೆಯಿಂದ ಎದ್ದು ಬಂದು ನನ್ನ ಎದುರು ಕೂತರು. ನನ್ನ ಬಗ್ಗೆ ಅದರಲ್ಲಿ ಏನು ಬರೆದಿದೆ, ಒಮ್ಮೆ ಕನ್ನಡದಲ್ಲಿ ಓದ್ರಿ ಎಂದರು. ಗೌಡರ ಮೊಬೈಲಿನಿಂದ ಅದು ಊರೆಲ್ಲ ಹರಿದಾಡಿತ್ತು, ಅವರಿಗೆ ಮಾತ್ರ ಅದರಲ್ಲಿ ಏನಿದೆ ಗೊತ್ತಿರಲಿಲ್ಲ. ನಾನು ಸಾಲು ಸಾಲಾಗಿ ಕನ್ನಡಿಸಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. 

"ಒಂದ್ ತಪ್ಪೈತ್ರಿ," ಎಂದರು. "ಅಂಗಡಿ ಮುಂದಿನ ಕಟ್ಟಿ ನಾ ಕಟ್ಟಿಲ್ಲ. ನಮ್ಮಪ್ಪ ಕಟ್ಟಿದ್ದು. ನಾ ಬರೇ ಗಿಲಾವು ಮಾಡೀನಿ."

 ಆ ಸಾಲು ಬರೆಯೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹುಡುಗಿ ಬರೆಯಲಿಲ್ಲ.

ಕಾಲೇಜಿನಿಂದ ಬಂದವರು ಬೆಂಗಳೂರು ಕಡೆಯ ಒಬ್ಬ ಹೆಣ್ಣುಮಗಳು, ಶಾಂತ ಸ್ವಭಾವದವರು. ಸಿಂದಗಿಯಲ್ಲಿ ನನ್ನನ್ನೂ ಹುಡುಗಿಯನ್ನೂ ಕಾರಿಗೆ ಹತ್ತಿಸಿಕೊಂಡರು. ಅಂದು ಶನಿವಾರ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.  ಹೊರಗೆ ಕಾಣುತ್ತಿದ್ದದ್ದು ತೊಗರಿ ಕಟಾವಾದ ಹೊಲಗಳು ಮಾತ್ರ.

ಬಸ್ ಸ್ಟ್ಯಾಂಡಿನಲ್ಲಿ ಕಸ ಗುಡಿಸಿ ನೀರು ಹೊಡೆದಿದ್ದರು. ಬೇವಿನ ಮರದ ಕೆಳಗೆ ಗಂಡಸರು ಸಾಲಾಗಿ ಕೂತಿದ್ದರು. ಕೆಲಸದ ದಿನ, ಅಷ್ಟು ಜನ ಅಲ್ಲಿ ಇರಬೇಕಾಗಿರಲಿಲ್ಲ. ಕೇರಿಯವರು ಒಬ್ಬರೂ ಕಾಣಲಿಲ್ಲ. ಕಟಿಂಗ್ ಅಂಗಡಿಯ ಕುರ್ಚಿಯನ್ನು ಹೊರಗೆ ತಂದು ಕಟ್ಟೆಯ ಮೇಲೆ ಇಟ್ಟಿದ್ದರು. ಹೊಸ ಟವೆಲ್, ಹೊಸ ಬಟ್ಟಲು. ಕ್ಷೌರಿಕ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ. ನನಗೆ ಏನು ನಡೆಯಲಿದೆ ಎಂದು ಅರ್ಥವಾಗುವಷ್ಟರಲ್ಲಿ ಗೌಡರು ಬಂದು ಕೈಮುಗಿದು, ಬಂದ ಹೆಣ್ಣುಮಗಳಿಗೆ ಊರಿನ ಒಗ್ಗಟ್ಟಿನ ಬಗ್ಗೆ ಹೇಳತೊಡಗಿದರು. ನಮ್ಮಲ್ಲಿ ಭೇದವಿಲ್ಲ, ಹುಡುಗಿ ಸಣ್ಣವಳು, ಏನೋ ಓದಿ ಏನೋ ಬರೆದಿದ್ದಾಳೆ, ತಾವೇ ಕಣ್ಣಾರೆ ನೋಡ್ರಿ.

ಆಮೇಲೆ ಅಪ್ಪನನ್ನು ಕರೆದರು. ಅವರು ಮರದ ಆಚೆ, ಇಬ್ಬರು ಹುಡುಗರ ನಡುವೆ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮುಖದ ಮೇಲೆ ಒಂದು ವಾರದ ಗಡ್ಡ. ವಯಸ್ಸಿನಲ್ಲಿ ಅವರು ಗೌಡರಿಗಿಂತ ದೊಡ್ಡವರು. ಆದರೂ ಗೌಡರ ಬಾಯಲ್ಲಿ ಅವರು ಯಾವಾಗಲೂ 'ಬಾರೋ'. ಆ ದಿನ ಗೌಡರು ಹೋಗಿ ಅವರ ಕೈ ಹಿಡಿದು ಕರೆತಂದರು.

"ಬರ್ರಿ, ಕುಂದರ್ರಿ."

ಆ 'ಬರ್ರಿ' ಕೇಳಿ ಹುಡುಗಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮಕ್ಕೆ ನಾಟಿತು.  ತರಗತಿಯಲ್ಲಿ ಗೋಡೆ ಅದುರುವ ಹಾಗೆ ಮಾತಾಡುವ ನಾನು ಅಲ್ಲಿ ಅವಳ ಕೈಯ ಮೇಲೆ ಕೈಯಿಟ್ಟು ನಿಂತೆ.

ಅಪ್ಪ ಕೂತರು. ಕ್ಷೌರಿಕ ಬಿಳಿ ಬಟ್ಟೆ ಹೊದಿಸಿ ಹಿಂದೆ ಗಂಟು ಹಾಕಿದ. ಎಲ್ಲರಿಗೂ ಕಾಣುವಂತೆ ಹೊಸ ಬ್ಲೇಡು ಒಡೆದು ಕತ್ತಿಗೆ ಹಾಕಿದ. ನೊರೆ ಹಚ್ಚುವಾಗ ಅವನು ತಲೆ ಎತ್ತಲೇ ಇಲ್ಲ. ಅವನ ತಪ್ಪೇನಿದೆ, ಅವನೂ ಆ ಊರಲ್ಲೇ ಬದುಕಬೇಕು. ಎಡಗೆನ್ನೆಯ ಮೇಲಿಂದ ಕೆಳಕ್ಕೆ ಕತ್ತಿ ಇಳಿಯಿತು, ಕರಕರ ಸದ್ದು ನಮಗೂ ಕೇಳುತ್ತಿತ್ತು, ಅಷ್ಟು ಸುಮ್ಮನೆ ಕೂತಿತ್ತು ಊರು. ಯಾರೋ ಒಬ್ಬ ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ತುಂಬಿಕೊಳ್ಳುತ್ತಿದ್ದ.

ಒಂದು ಕೆನ್ನೆ ಮುಗಿಯಿತು. ಕ್ಷೌರಿಕ ಗದ್ದ ಎತ್ತಿ ಹಿಡಿದು, ಕತ್ತಿಯನ್ನು ಗಂಟಲಿನ ಹತ್ತಿರ ತಂದ. ಆಗಲೇ ಆ ಹೆಣ್ಣುಮಗಳು ಎರಡು ಹೆಜ್ಜೆ ಮುಂದೆ ಹೋಗಿ, ಅಪ್ಪನ ಮುಖ ನೋಡುತ್ತ ಕೇಳಿದರು.

"ನೀವು ಯಾವಾಗಲೂ ಇಲ್ಲೇ ಮಾಡಿಸ್ಕೊಳ್ಳೋದಾ?"

ಗೌಡರು ಉತ್ತರಕ್ಕೆ ಬಾಯಿ ತೆರೆದರು. ಆಕೆ ಅವರ ಕಡೆ ತಿರುಗಲಿಲ್ಲ. ಅಪ್ಪನ ಗದ್ದ ಇನ್ನೂ ಮೇಲಕ್ಕೇ ಇತ್ತು, ಕತ್ತಿ ಚರ್ಮಕ್ಕೆ ತಾಗಿಯೇ ಇತ್ತು. ಅವರು ತಲೆ ಅಲ್ಲಾಡಿಸುವಂತಿರಲಿಲ್ಲ.

"ಇಲ್ರಿ," ಎಂದರು. "ಇವತ್ತ ಮೊದಲ."

ಕತ್ತಿ ನಿಂತಿತು. ಕ್ಷೌರಿಕ ಅಪ್ಪನನ್ನು ನೋಡಲಿಲ್ಲ, ಗೌಡರನ್ನು ನೋಡಿದ. ಗೌಡರು ನಕ್ಕರು. "ಚಾಷ್ಟಿ ಮಾಡಾಕತ್ತಾನ್ರಿ," ಎಂದರು. ಕುಂದರ್ರಿ ಎಂದು ಕೂರಿಸಿದ್ದ ಅಪ್ಪ ಗೌಡರ ಬಾಯಲ್ಲಿ ಅಷ್ಟರಲ್ಲೇ ಮತ್ತೆ 'ಅವನು' ಆಗಿದ್ದರು.

"ಚಾಷ್ಟಿ ಅಲ್ರಿ. ನನ್ನ ಮಗಳು ಬರದದ್ದು ಖರೇ ಐತಿ."

ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಮರದ ಕೆಳಗೆ ಒಬ್ಬ ಎದ್ದು ನಿಂತ. ಅವನ ಪಕ್ಕದವನೂ ಎದ್ದ. ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ಆ ಕತ್ತಿಯನ್ನು ಮಾತ್ರ, ಅದರ ಅಂಚಿನಲ್ಲಿದ್ದ ನೊರೆಯನ್ನು ಮಾತ್ರ. ಕ್ಷೌರಿಕ ಮೆಲ್ಲಗೆ ಕೈ ಹಿಂದೆ ತೆಗೆದ. ಕತ್ತಿಯನ್ನು ಒರೆಸಿ ಮಡಚಿ, ಯಾರೂ ಏನೂ ಹೇಳದಿದ್ದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಪ್ಪ ತಾವೇ ಬಟ್ಟೆಯ ಗಂಟು ಬಿಚ್ಚಿದರು. ಅದನ್ನು ಝಾಡಿಸಿ, ಮಡಿಕೆ ಮಾಡಿ, ಕುರ್ಚಿಯ ಮೇಲೆ ಇಟ್ಟರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ. ಹಾಗೆಯೇ ನಡೆದು ಬಂದು ಕಾರಿನ ಪಕ್ಕ ನಿಂತರು. ಗೌಡರು ಊಟ ತಯಾರಿದೆ ಎಂದರು, ಆ ಹೆಣ್ಣುಮಗಳು ಬೇಡವೆಂದರು. ಗೌಡರು ಒತ್ತಾಯ ಮಾಡಲಿಲ್ಲ. ನನ್ನ ಕಡೆ ತಿರುಗಿ, ಬರ್ತಿರ್ರಿ ಮೇಡಂ ಎಂದು ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು.

ನಾಲ್ವರೂ ಸಿಂದಗಿಗೆ ಹೊರಟೆವು. ಹುಡುಗಿ ತನ್ನ ವೇಲಿನಿಂದ ಅಪ್ಪನ ಮುಖದ ನೊರೆ ಒರೆಸಿದಳು, ಅವರು ಮಗುವಿನ ಹಾಗೆ ಒರೆಸಿಕೊಂಡರು. ಊರು ದಾಟಿದ ಮೇಲೆ ಆ ಹೆಣ್ಣುಮಗಳು ಹಿಂದಕ್ಕೆ ತಿರುಗಿ, ಸೀಟಿನ ಬಗ್ಗೆ ಇನ್ನು ಯೋಚನೆ ಮಾಡಬೇಡ, ಕಾಲೇಜು ಶುರುವಾಗುವಾಗ ಬಾ ಎಂದು ಹುಡುಗಿಗೆ ಹೇಳಿದರು. ಇಷ್ಟು ತಿಂಗಳು ನಾವೆಲ್ಲ ಕಾದಿದ್ದ ಮಾತು ಅದು. ಹುಡುಗಿ ಥ್ಯಾಂಕ್ಸ್ ಮೇಡಂ ಎಂದಳು. ನಾನು ಹಿಂದಿನ ಗಾಜಿನಲ್ಲಿ ದಾರಿಯನ್ನೇ ನೋಡುತ್ತಿದ್ದೆ. ಒಂದು ಬೈಕು ಬಹಳ ದೂರದವರೆಗೆ ನಮ್ಮ ಹಿಂದೆ ಬಂತು. ಸಿಂದಗಿ ಹತ್ತಿರವಾದಾಗ ತಿರುಗಿ ಹೋಯಿತು.

ಆ ಹೆಣ್ಣುಮಗಳು ನಮ್ಮನ್ನು ಪೇಟೆಯಲ್ಲಿ ಇಳಿಸಿ ಹೋದರು. ಅಪ್ಪ ನೇರವಾಗಿ ತಮ್ಮ ರವಿವಾರದ ಅಂಗಡಿಗೆ ನಡೆದರು, ನಾವಿಬ್ಬರೂ ಹಿಂದೆ ಹೋಗಿ ಬಾಗಿಲಿನ ಬೆಂಚಿನ ಮೇಲೆ ಕೂತೆವು. ಅಂಗಡಿಯವನು ಅವರ ಮುಖ ನೋಡಿ ನಗಲು ಶುರುಮಾಡಿದ. ಯಾರ್ರೀ ಹಿಂಗ ಅರ್ಧಕ್ಕ ಬಿಟ್ಟವ್ರು ಎಂದು ಕೇಳಿದ. ಊರಾಗ ಎಂದರು ಅಪ್ಪ. ಅವನ ನಗು ಅಲ್ಲಿಗೇ ನಿಂತಿತು. ಬಟ್ಟೆ ಹೊದಿಸಿ ಸುಮ್ಮನೆ ನೊರೆ ಕಲಸತೊಡಗಿದ.

ಅಪ್ಪನ ಮೊಬೈಲು ಹುಡುಗಿಯ ಕೈಯಲ್ಲಿತ್ತು, ಅದು ರಿಂಗಾಯಿತು. ತಾಯಿ. ಹುಡುಗಿ ಕೇಳುತ್ತ ಹೋದಳು. ಆಮೇಲೆ ಫೋನನ್ನು ಎದೆಗೆ ಒತ್ತಿ ಹಿಡಿದು ಅಪ್ಪನಿಗೆ ಹೇಳಿದಳು: ಗೌಡರು ಮನೆಗೇ ಬಂದಿದ್ದರಂತೆ. ಹೊರಗೆ ನಿಂತೇ ಮಾತಾಡಿದರಂತೆ. ಹುಡುಗರು ಸಿಟ್ಟಿನಲ್ಲಿದ್ದಾರೆ, ಇವತ್ತು ಒಂದು ರಾತ್ರಿ ಅಪ್ಪ ಮಗಳು ಊರಿಗೆ ಬರುವುದು ಬೇಡ, ನಿಮ್ಮ ಒಳ್ಳೇದಕ್ಕೇ ಹೇಳ್ತೇನಿ ಎಂದರಂತೆ.

ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. 

"ಮನಿಗೆ ಕೀಲಿ ಹಾಕಿ ಈಗಿನ ಬಸ್ಸಿಗೆ ಬಾ ಅನ್ನು ಅವ್ವಗ," ಎಂದರು. "ಬರೂ ಮುಂದ ನನ್ನ ಕರಣಿ, ಓಳಂಬಿ, ಎಲ್ಲಾ ಗೌಂಡಿ ಸಾಮಾನದ ಚೀಲ ತರಾಕ ಹೇಳು."

"ಒಂದ್ ರಾತ್ರಿಗೆ ಅದ್ಯಾಕ ಅಪ್ಪಾ?" ಎಂದಳು ಹುಡುಗಿ.

 ಅಪ್ಪ ಉಳಿದ ಕೆನ್ನೆಯನ್ನು ಅಂಗಡಿಯವನ ಕಡೆ ತಿರುಗಿಸಿದರು.